ಜೆರುಸಲೇಮಿನಲ್ಲಿ ಒಂದು ಪ್ರಾರ್ಥನೆ ಏಕೆ ಅಂತಾರಾಷ್ಟ್ರೀಯ ಬಿಕ್ಕಟ್ಟಾಗುತ್ತದೆ?

2025ರ ಆಗಸ್ಟ್ 3ರಂದು ಇಸ್ರೇಲಿನ ರಾಷ್ಟ್ರೀಯ ಭದ್ರತಾ ಸಚಿವ ಇತಮಾರ್ ಬೆನ್‌-ಗ್ವಿರ್ ಜೆರುಸಲೇಮಿನ ಅಲ್‌-ಅಕ್ಸಾ ಆವರಣಕ್ಕೆ ಹೋಗಿ ಬಹಿರಂಗವಾಗಿ ಪ್ರಾರ್ಥನೆ ನಡೆಸಿದರು. ಜೋರ್ಡಾನ್ ಮತ್ತು ಸೌದಿ ಅರೇಬಿಯ ತಕ್ಷಣ ಖಂಡಿಸಿದವು. ಅಲ್ಲಿನ ಯಥಾಸ್ಥಿತಿ ಬದಲಾಗಿಲ್ಲ, ಬದಲಾಗುವುದೂ ಇಲ್ಲ ಎಂದು ಇಸ್ರೇಲಿನ ಪ್ರಧಾನಿ ಕಚೇರಿ ಹೇಳಿತು. ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಯಹೂದಿಯೊಬ್ಬರು ತಮ್ಮ ಧರ್ಮದ ಪರಮ ಪವಿತ್ರ ಜಾಗದಲ್ಲಿ ಪ್ರಾರ್ಥಿಸಿದರೆ ತಪ್ಪೇನು? ಜಾಗ ಇಸ್ರೇಲಿನ ಹಿಡಿತದಲ್ಲಿರುವಾಗ ನಡುವೆ ಜೋರ್ಡಾನ್ ಎಲ್ಲಿಂದ ಬಂತು? ಸಚಿವರೇ ಕ್ಯಾಮೆರಾ ಎದುರು ಪ್ರಾರ್ಥಿಸಿದ ಮೇಲೂ ಏನೂ ಬದಲಾಗಿಲ್ಲ ಎನ್ನುವುದು ಹೇಗೆ?

ಇದಕ್ಕೆಲ್ಲ ಕಾನೂನು ಪುಸ್ತಕ ತೆರೆದರೆ ಹೆಚ್ಚೇನೂ ಸಿಗುವುದಿಲ್ಲ. ಜೆರುಸಲೇಮಿನ ಪವಿತ್ರ ಸ್ಥಳಗಳಲ್ಲಿ ಹಕ್ಕು ನಿಂತಿರುವುದು ರೂಢಿಯ ಮೇಲೆ. ಬೀಗದ ಕೈ ಯಾರ ಬಳಿ ಇದೆ, ಮೆಟ್ಟಿಲನ್ನು ಯಾರು ಗುಡಿಸುತ್ತಾರೆ, ಯಾವ ಬಾಗಿಲಿನಿಂದ ಯಾರು ಒಳಗೆ ಬರುತ್ತಾರೆ, ಎಲ್ಲಿ ನಿಂತು ಯಾರು ಪ್ರಾರ್ಥಿಸುತ್ತಾರೆ ಎಂಬಂಥ ಸಣ್ಣ ಸಂಗತಿಗಳೇ ಅಲ್ಲಿ ಒಡೆತನದ ಪುರಾವೆ. ಇವತ್ತು ಸುಮ್ಮನೆ ಬಿಟ್ಟದ್ದು ನಾಳೆ ಹಕ್ಕಾಗಿ ನಿಲ್ಲುತ್ತದೆ ಎಂಬುದನ್ನು ಅಲ್ಲಿನ ಪ್ರತಿಯೊಂದು ಸಮುದಾಯವೂ ಶತಮಾನಗಳ ಅನುಭವದಿಂದ ಕಲಿತಿದೆ. ಇದನ್ನು ಹಿಡಿದುಕೊಂಡು ಹೊರಟರೆ ಮಾತ್ರ ಆಗಸ್ಟಿನ ಆ ಸುದ್ದಿ ಅರ್ಥವಾಗುತ್ತದೆ.

## ಒಂದೇ ದಿಬ್ಬ, ಎರಡು ನಂಬಿಕೆ

ಕೋಟೆಗೋಡೆಯ ಒಳಗಿನ ಹಳೆಯ ಜೆರುಸಲೇಮ್ ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ. ಅದರ ಆಗ್ನೇಯ ಮೂಲೆಯಲ್ಲಿ, ಸುತ್ತ ಕಲ್ಲಿನ ತಡೆಗೋಡೆ ಕಟ್ಟಿ ಸಮತಟ್ಟು ಮಾಡಿದ ಸುಮಾರು 35 ಎಕರೆಯ ಎತ್ತರದ ಆವರಣವಿದೆ. ಯಹೂದಿಗಳಿಗೆ ಅದು ದೇವಾಲಯದ ದಿಬ್ಬ. ಸೊಲೊಮನ್ ಕಟ್ಟಿಸಿದನೆಂದು ಪರಂಪರೆ ಹೇಳುವ ಮೊದಲ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಸೈನ್ಯ ಕೆಡವಿತು. ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ನರು ನಾಶ ಮಾಡಿದರು. ಈ ಎರಡೂ ವಿನಾಶಗಳ ನೆನಪಿಗೆ ಯಹೂದಿಗಳು ಉಪವಾಸವಿದ್ದು ಶೋಕ ಆಚರಿಸುವ ದಿನ ತಿಶಾ ಬಾವ್. ಬೆನ್‌-ಗ್ವಿರ್ ಆರಿಸಿಕೊಂಡದ್ದು ಅದೇ ದಿನವನ್ನು. ಪ್ರವಾಸಿಗರು ಚೀಟಿ ಸಿಕ್ಕಿಸುವ ಪಶ್ಚಿಮ ಗೋಡೆ ಆ ದಿಬ್ಬದ ತಡೆಗೋಡೆಯ ಒಂದು ಭಾಗ. ಪಾವಿತ್ರ್ಯದ ಕೇಂದ್ರ ಇರುವುದು ಗೋಡೆಯಲ್ಲಲ್ಲ, ಮೇಲೆ.

ಮುಸ್ಲಿಮರಿಗೆ ಇದೇ ಜಾಗ ಹರಮ್ ಅಲ್‌-ಶರೀಫ್. ಪ್ರವಾದಿ ಮುಹಮ್ಮದರು ರಾತ್ರಿ ಯಾತ್ರೆಯಲ್ಲಿ ಬಂದು ಇಲ್ಲಿಂದ ಸ್ವರ್ಗಾರೋಹಣ ಮಾಡಿದರು ಎಂಬುದು ಅವರ ನಂಬಿಕೆ. ಮೆಕ್ಕಾದ ಕಡೆಗೆ ತಿರುಗುವ ಮುನ್ನ ಆರಂಭದ ಮುಸ್ಲಿಮರು ಜೆರುಸಲೇಮಿನ ದಿಕ್ಕಿಗೆ ಮುಖ ಮಾಡಿ ನಮಾಜು ಮಾಡುತ್ತಿದ್ದರು. ಮೆಕ್ಕಾ, ಮದೀನಾಗಳ ನಂತರದ ಸ್ಥಾನ ಇದಕ್ಕೆ. ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ಪತ್ರಿಕೆಗಳು ಆಗಾಗ ಎಡವುವುದು ಇಲ್ಲೇ: ಚಿನ್ನದ ಬಣ್ಣದ ಗುಮ್ಮಟದ ಕಟ್ಟಡ ಖಲೀಫ ಅಬ್ದುಲ್ ಮಲಿಕ್ ಕಾಲದಲ್ಲಿ, 691–92ರ ಸುಮಾರಿಗೆ ಪೂರ್ಣಗೊಂಡ ‘ಬಂಡೆಯ ಗುಮ್ಮಟ’. ದಕ್ಷಿಣ ತುದಿಯಲ್ಲಿ ಬೂದು ಗುಮ್ಮಟವಿರುವುದು ಸಾಮೂಹಿಕ ನಮಾಜಿನ ಮಸೀದಿ. ಆದರೆ ಮುಸ್ಲಿಮರ ದೃಷ್ಟಿಯಲ್ಲಿ ಅಲ್‌-ಅಕ್ಸಾ ಎಂದರೆ ಯಾವುದೋ ಒಂದು ಕಟ್ಟಡವಲ್ಲ, ಇಡೀ 35 ಎಕರೆಯೂ ಮಸೀದಿಯೇ. ‘ಮಸೀದಿಯೊಳಗೆ ಕಾಲಿಡಲಿಲ್ಲ, ಅಂಗಳದಲ್ಲಿ ನಿಂತಿದ್ದೆವಷ್ಟೇ’ ಎಂಬ ಸಮಜಾಯಿಷಿ ಅವರಿಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ.

## ಗೆದ್ದವರ ಸರದಿ

ಈ ನಗರ ಕೈ ಬದಲಾಯಿಸಿದಾಗಲೆಲ್ಲ ಗೆದ್ದವರು ಸೋತವರ ಪವಿತ್ರ ಜಾಗದ ಮೇಲೆ ತಮ್ಮ ಗುರುತು ಹಾಕಿದ್ದಾರೆ. ರೋಮ್ ಚಕ್ರವರ್ತಿ ಹೇಡ್ರಿಯನ್ ಎರಡನೇ ಶತಮಾನದಲ್ಲಿ ಊರಿನ ಹೆಸರನ್ನೇ ಬದಲಿಸಿ, ಯಹೂದಿಗಳಿಗೆ ಪ್ರವೇಶ ನಿಷೇಧಿಸಿದ. ಕಾನ್‌ಸ್ಟಂಟೈನನ ಕಾಲದಲ್ಲಿ ಯೇಸುವಿನ ಸಮಾಧಿಯ ಚರ್ಚ್ ಎದ್ದಿತು. ದೇವಾಲಯದ ದಿಬ್ಬವನ್ನು ಕ್ರೈಸ್ತ ಆಡಳಿತ ಪಾಳು ಬಿಟ್ಟಿತು. 1009ರಲ್ಲಿ ಫಾತಿಮಿ ಖಲೀಫ ಅಲ್‌-ಹಾಕಿಮ್ ಆ ಚರ್ಚನ್ನು ಕೆಡವಿಸಿದ. 1099ರ ಜುಲೈ 15ರಂದು ನಗರ ಗೆದ್ದ ಯುರೋಪಿನ ಧರ್ಮಯೋಧರು ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದು, ಬಂಡೆಯ ಗುಮ್ಮಟವನ್ನು ಚರ್ಚಾಗಿ ಮಾಡಿಕೊಂಡರು. ಅಕ್ಸಾ ಮಸೀದಿ ಟೆಂಪ್ಲರ್ ಎಂಬ ಧರ್ಮಯೋಧರ ಪಂಗಡದ ಕೇಂದ್ರವಾಯಿತು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಎರಡನ್ನೂ ಮರಳಿ ಪಡೆದ, ಆದರೆ ಸಮಾಧಿಯ ಚರ್ಚನ್ನು ಕೆಡವಲಿಲ್ಲ.

ಈ ಇತಿಹಾಸದಲ್ಲಿ ತೀರ ಬೇರೆಯಾಗಿ ಕಾಣುವುದು ಒಂದು ಕಥೆ. ಏಳನೇ ಶತಮಾನದಲ್ಲಿ ನಗರ ಶರಣಾದಾಗ ಖಲೀಫ ಉಮರ್‌ಗೆ ಕ್ರೈಸ್ತ ಧರ್ಮಾಧ್ಯಕ್ಷ ಸೊಫ್ರೋನಿಯಸ್ ಚರ್ಚಿನೊಳಗೇ ಪ್ರಾರ್ಥಿಸಲು ಹೇಳಿದನಂತೆ. ಉಮರ್ ಒಪ್ಪಲಿಲ್ಲ. ‘ನಾನು ಇಲ್ಲಿ ಪ್ರಾರ್ಥಿಸಿದರೆ ನನ್ನ ಜನ ಮುಂದೊಂದು ದಿನ ಅದನ್ನೇ ನೆಪ ಮಾಡಿಕೊಂಡು ಈ ಚರ್ಚನ್ನು ನಿಮ್ಮಿಂದ ಕಿತ್ತುಕೊಂಡಾರು’ ಎಂಬುದು ಅವರ ಆತಂಕ. ಇದನ್ನು ಬರೆದಿಟ್ಟದ್ದು ಘಟನೆಯಾಗಿ ಬಹಳ ಕಾಲದ ನಂತರ, ಹಾಗಾಗಿ ಅಕ್ಷರಶಃ ನಡೆದದ್ದೆಂದು ಹೇಳಲಾಗದು. ಆದರೂ ಜೆರುಸಲೇಮಿನ ರಾಜಕೀಯದ ಮೂಲಸೂತ್ರ ಈ ಕಥೆಯಲ್ಲಿದೆ. ಅಧಿಕಾರದಲ್ಲಿರುವವನ ಪ್ರಾರ್ಥನೆ ಬರೀ ಪ್ರಾರ್ಥನೆಯಾಗಿ ಉಳಿಯುವುದಿಲ್ಲ, ಜಾಗದ ಮೇಲೆ ಹಕ್ಕು ಹೂಡುತ್ತದೆ.

## ಏಣಿಯನ್ನೂ ಸರಿಸುವಂತಿಲ್ಲ

‘ಯಥಾಸ್ಥಿತಿ’ ಎಂಬ ವ್ಯವಸ್ಥೆ ಮೊದಲು ಹುಟ್ಟಿದ್ದು ಯಹೂದಿ–ಮುಸ್ಲಿಂ ಜಗಳದಿಂದಲ್ಲ, ಕ್ರೈಸ್ತರ ಒಳಜಗಳದಿಂದ. ಸಮಾಧಿಯ ಚರ್ಚಿನಲ್ಲಿ ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್ ಪಂಗಡಗಳಿಗೆ ಮುಖ್ಯ ಪಾಲು. ಕಾಪ್ಟಿಕ್, ಸಿರಿಯಾಕ್, ಇಥಿಯೋಪಿಯನ್ ಪಂಗಡಗಳಿಗೆ ಸಣ್ಣ ಪಾಲು. ಯಾರಿಗೆ ಯಾವ ಕಂಬ, ಯಾವ ದೀಪ, ಯಾವ ಹೊತ್ತು ಎಂಬ ಕಾದಾಟ ಮುಗಿಯುವಂತೆ ಕಾಣದಿದ್ದಾಗ ಒಟ್ಟೊಮನ್ ಸುಲ್ತಾನರು 1757ರಲ್ಲಿ ಒಮ್ಮೆ, 1852ರಲ್ಲಿ ಮತ್ತೊಮ್ಮೆ ಫರ್ಮಾನು ಹೊರಡಿಸಿದರು. ಅದರ ಸಾರ: ಸದ್ಯ ಯಾರು ಎಲ್ಲಿದ್ದಾರೋ ಅಲ್ಲೇ ಇರಲಿ, ಯಾವುದೂ ಬದಲಾಗಬಾರದು.

ಇದು ಸಣ್ಣ ವಿಷಯವೆಂದು ಯುರೋಪಿನ ದೊರೆಗಳು ಭಾವಿಸಲಿಲ್ಲ. 1847ರಲ್ಲಿ ಬೆತ್ಲೆಹೆಮಿನ ಚರ್ಚಿನಿಂದ ಲ್ಯಾಟಿನ್ ಬರಹವಿದ್ದ ಬೆಳ್ಳಿಯ ನಕ್ಷತ್ರ ಕಾಣೆಯಾದದ್ದು ಕ್ಯಾಥೊಲಿಕರ ಬೆನ್ನಿಗಿದ್ದ ಫ್ರಾನ್ಸ್‌ಗೂ ಆರ್ಥೊಡಾಕ್ಸ್ ಜನರ ಬೆನ್ನಿಗಿದ್ದ ರಷ್ಯಕ್ಕೂ ನಡುವಿನ ಬಿಕ್ಕಟ್ಟಾಗಿ ಬೆಳೆಯಿತು. 1853ರಲ್ಲಿ ಶುರುವಾದ ಕ್ರಿಮಿಯನ್ ಯುದ್ಧದ ಕಾರಣಗಳಲ್ಲಿ ಅದೂ ಒಂದು. 1878ರ ಬರ್ಲಿನ್ ಒಪ್ಪಂದದ 62ನೇ ವಿಧಿ ಈ ಯಥಾಸ್ಥಿತಿಗೆ ಅಂತಾರಾಷ್ಟ್ರೀಯ ಮುದ್ರೆ ಒತ್ತಿತು.

ಪರಿಣಾಮ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಚರ್ಚಿನ ಮುಂಬಾಗಿಲ ಮೇಲಿನ ಕಿಟಕಿಯ ಕೆಳಗೆ ಹದಿನೆಂಟನೇ ಶತಮಾನದಿಂದ ಒಂದು ಮರದ ಏಣಿ ನಿಂತಿದೆ. ಎಲ್ಲ ಪಂಗಡಗಳೂ ಒಪ್ಪದೆ ಅದನ್ನು ಸರಿಸುವಂತಿಲ್ಲ. ಬಾಗಿಲಿನ ಬೀಗದ ಕೈಯನ್ನು ಕ್ರೈಸ್ತರು ಒಬ್ಬರಿಗೊಬ್ಬರು ನಂಬಿ ಕೊಡಲಾರದೆ, ಅದು ಜೌದೆ ಎಂಬ ಮುಸ್ಲಿಂ ಮನೆತನದ ಬಳಿಯಿದೆ. ಬಾಗಿಲು ತೆರೆದು ಮುಚ್ಚುವ ಹೊಣೆ ನುಸೈಬಾ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. 2002ರಲ್ಲಿ ಚರ್ಚಿನ ಮಾಳಿಗೆಯ ಮೇಲೆ ಕಾಪ್ಟಿಕ್ ಸನ್ಯಾಸಿಯೊಬ್ಬರು ಬಿಸಿಲು ತಾಳದೆ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ಇಥಿಯೋಪಿಯನ್ ಸನ್ಯಾಸಿಗಳು ಅದನ್ನು ಒತ್ತುವರಿ ಎಂದು ಕಂಡರು, ಹೊಡೆದಾಟವಾಗಿ 11 ಮಂದಿ ಆಸ್ಪತ್ರೆ ಸೇರಿದರು. ದೂರದಿಂದ ನೋಡಿದರೆ ಹುಚ್ಚಾಟ ಅನ್ನಿಸಬಹುದು. ಆದರೆ ಬೇರೆ ಯಾವ ದಾಖಲೆಯೂ ಇಲ್ಲದವರಿಗೆ ಆ ನೆರಳಿನ ತುಂಡೇ ಹಕ್ಕಿನ ದಾಖಲೆ.

## ಗೋಡೆಯ ಮುಂದೆ ಒಂದು ಪರದೆ

ಬ್ರಿಟಿಷರು 1917ರ ಡಿಸೆಂಬರಿನಲ್ಲಿ ಒಟ್ಟೊಮನ್ನರಿಂದ ನಗರ ಗೆದ್ದುಕೊಂಡಾಗ ಈ ರೂಢಿಗಳನ್ನೆಲ್ಲ ಹಾಗೇ ಮುಂದುವರಿಸಿದರು. ಆದರೆ ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುವುದಾಗಿ ಬಾಲ್ಫರ್ ಘೋಷಣೆಯಲ್ಲಿ ಮಾತು ಕೊಟ್ಟಿದ್ದರು. ಅಲ್ಲಿಂದ ಮುಂದೆ ಪೂಜೆಯ ಜಾಗದ ಪ್ರತಿ ಪ್ರಶ್ನೆಯೂ ದೇಶ ಯಾರದ್ದು ಎಂಬ ಪ್ರಶ್ನೆಯೊಂದಿಗೆ ಹೆಣೆದುಕೊಂಡಿತು.

1928ರ ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಹಬ್ಬದ ದಿನ ಪಶ್ಚಿಮ ಗೋಡೆಯ ಮುಂದೆ ಗಂಡಸರು ಹೆಂಗಸರ ನಡುವೆ ಯಹೂದಿಗಳು ಒಂದು ಪರದೆ ಕಟ್ಟಿದರು. ಆಗ ಗೋಡೆಯ ಮುಂದಿದ್ದದ್ದು ಮೊರಾಕ್ಕೋ ಮೂಲದ ಮುಸ್ಲಿಮರ ಕೇರಿಯ ಇಕ್ಕಟ್ಟಾದ ಓಣಿ, ಆ ಜಾಗ ವಕ್ಫ್ ಆಸ್ತಿ. ಇವತ್ತು ಪರದೆ, ನಾಳೆ ಬೆಂಚು, ಆಮೇಲೆ ಚಾವಣಿ, ಕೊನೆಗೆ ಮೇಲಿನ ಆವರಣ ಎಂದು ಮುಫ್ತಿ ಹಾಜಿ ಅಮೀನ್ ಅಲ್‌-ಹುಸೈನಿ ಪ್ರಚಾರಕ್ಕಿಳಿದರು. ಬ್ರಿಟಿಷ್ ಪೊಲೀಸರು ಪ್ರಾರ್ಥನೆಯ ನಡುವೆಯೇ ಪರದೆ ಕಿತ್ತರು. ಯಹೂದಿಗಳಿಗೆ ಅದು ಮರೆಯಲಾಗದ ಅವಮಾನವಾಯಿತು. ಮರುವರ್ಷ ಆಗಸ್ಟಿನಲ್ಲಿ, ತಿಶಾ ಬಾವ್ ಸಮಯದಲ್ಲೇ, ಗೋಡೆಯ ಬಳಿ ಧ್ವಜ ಹಿಡಿದ ಮೆರವಣಿಗೆ, ಅದಕ್ಕೆ ಪ್ರತಿ ಮೆರವಣಿಗೆ ನಡೆದವು. ನಂತರದ ಗಲಭೆಯಲ್ಲಿ 133 ಯಹೂದಿಗಳೂ 116 ಅರಬರೂ ಸತ್ತರು. ಹೆಬ್ರಾನ್ ಊರೊಂದರಲ್ಲೇ 67 ಯಹೂದಿಗಳ ಕೊಲೆಯಾಯಿತು. ವಿಚಾರಣೆಗೆ ಬಂದ ಅಂತಾರಾಷ್ಟ್ರೀಯ ಆಯೋಗ ಜಾಗ ಮುಸ್ಲಿಮರದ್ದು, ಅಲ್ಲಿ ಪ್ರಾರ್ಥಿಸುವ ಅವಕಾಶ ಯಹೂದಿಗಳದ್ದು ಎಂದು ಎರಡನ್ನೂ ಬೇರೆ ಬೇರೆ ಮಾಡಿ ಹೇಳಿತು. ಆ ಹೊತ್ತಿಗೆ ಎರಡೂ ಕಡೆಯವರಿಗೆ ತಮ್ಮ ಭಯ ನಿಜವಾಯಿತೆಂದು ಖಾತ್ರಿಯಾಗಿತ್ತು.

## 1967: ದಯಾನ್ ಮಾಡಿದ ಏರ್ಪಾಡು

1947ರ ವಿಶ್ವಸಂಸ್ಥೆಯ ಯೋಜನೆ ಜೆರುಸಲೇಮನ್ನು ಯಾರಿಗೂ ಕೊಡದೆ ಅಂತಾರಾಷ್ಟ್ರೀಯ ಆಡಳಿತಕ್ಕೆ ಒಪ್ಪಿಸಬೇಕೆಂದಿತ್ತು. 1948ರ ಯುದ್ಧದಲ್ಲಿ ಆ ಯೋಜನೆ ಮುರಿದುಬಿತ್ತು. ಪಶ್ಚಿಮ ಭಾಗ ಇಸ್ರೇಲಿಗೆ, ಹಳೆಯ ನಗರವಿದ್ದ ಪೂರ್ವ ಭಾಗ ಜೋರ್ಡಾನಿಗೆ ಹೋಯಿತು. ಪವಿತ್ರ ಸ್ಥಳಗಳಿಗೆ ಹೋಗಿಬರಲು ದಾರಿ ಮಾಡುವ ಮಾತು ಕದನವಿರಾಮದ ಒಪ್ಪಂದದಲ್ಲಿದ್ದರೂ 19 ವರ್ಷ ಯಹೂದಿಗಳು ಪಶ್ಚಿಮ ಗೋಡೆಯ ಬಳಿ ಸುಳಿಯಲಾಗಲಿಲ್ಲ. ಇಸ್ರೇಲಿಗಳ ಮಾತಿನಲ್ಲಿ ಇವತ್ತಿಗೂ ಕೇಳಿಬರುವ ‘ಇನ್ನೊಮ್ಮೆ ಬಿಡೆವು’ ಎಂಬ ಹಟಕ್ಕೆ ಆ 19 ವರ್ಷಗಳೂ ಕಾರಣ.

1967ರ ಜೂನ್ 7ರಂದು ಇಸ್ರೇಲಿ ಸೈನಿಕರು ಹಳೆಯ ನಗರ ಹಿಡಿದು ಬಂಡೆಯ ಗುಮ್ಮಟದ ಮೇಲೆ ತಮ್ಮ ಬಾವುಟ ಹಾರಿಸಿದರು. ರಕ್ಷಣಾ ಸಚಿವ ಮೋಶೆ ದಯಾನ್ ಅದನ್ನು ಇಳಿಸಲು ಆದೇಶಿಸಿದರು. ಕೆಲವೇ ದಿನಗಳಲ್ಲಿ ಗೋಡೆಯ ಮುಂದಿನ ಮೊರಾಕ್ಕೋ ಕೇರಿಯನ್ನು ನೆಲಸಮ ಮಾಡಿ ಇಂದಿನ ವಿಶಾಲ ಅಂಗಳ ತೆರೆಯಲಾಯಿತು. ಅಲ್ಲಿದ್ದ ಕುಟುಂಬಗಳು ರಾತ್ರೋರಾತ್ರಿ ಬೀದಿಗೆ ಬಿದ್ದವು. ಆಮೇಲೆ ದಯಾನ್ ಆವರಣವನ್ನು ನೋಡಿಕೊಳ್ಳುವ ಮುಸ್ಲಿಂ ದತ್ತಿ ಸಂಸ್ಥೆಯಾದ ವಕ್ಫ್‌ನ ಮುಖಂಡರನ್ನು ಕಂಡು ತಮ್ಮ ಏರ್ಪಾಡು ತಿಳಿಸಿದರು. ಮೇಲಿನ ಆವರಣದ ಆಡಳಿತ ವಕ್ಫ್‌ನದ್ದು, ಹೊರಗಿನ ಭದ್ರತೆ ಇಸ್ರೇಲಿನದ್ದು. ಯಹೂದಿಗಳು ಮೇಲೆ ಬಂದು ನೋಡಿಕೊಂಡು ಹೋಗಬಹುದು, ಪ್ರಾರ್ಥನೆ ಮಾತ್ರ ಕೆಳಗಿನ ಗೋಡೆಯ ಬಳಿ. ಹಲವು ಬಾಗಿಲುಗಳಿರುವ ಆ ಆವರಣದಲ್ಲಿ ಮುಘ್ರಬಿ ದ್ವಾರ ಒಂದರ ಕೀಲಿಯನ್ನು ಇಸ್ರೇಲ್ ತನ್ನ ಬಳಿ ಇಟ್ಟುಕೊಂಡಿತು. ಮುಸ್ಲಿಮೇತರರು ಒಳಗೆ ಹೋಗುವುದು ಇವತ್ತಿಗೂ ಅದೇ ದ್ವಾರದಿಂದ.

ಎರಡೂ ಕಡೆಯವರು ಕೂತು ಸಹಿ ಹಾಕಿದ ಕರಾರು ಇದಕ್ಕೆ ಇಲ್ಲ. ಹಾಗಿದ್ದೂ ದಶಕಗಳ ಕಾಲ ನಿಂತದ್ದಕ್ಕೆ ಒಂದು ಬಲವಾದ ಕಾರಣ ಯಹೂದಿ ಧರ್ಮಶಾಸ್ತ್ರವೇ. ದೇವಾಲಯದ ಗರ್ಭಗುಡಿ ಎಲ್ಲಿತ್ತೆಂದು ನಿಖರವಾಗಿ ಗೊತ್ತಿಲ್ಲ. ಶುದ್ಧಿಯಿಲ್ಲದವರು ಅರಿಯದೆ ಅಲ್ಲಿ ಕಾಲಿಟ್ಟರೆ ಘೋರ ಪಾಪ. ಆದ್ದರಿಂದ ದಿಬ್ಬ ಹತ್ತಲೇಬಾರದು ಎಂದು ಮುಖ್ಯ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಫಲಕ ಹಾಕಿಸಿದರು. ಸರ್ಕಾರದ ರಾಜಕೀಯ ಎಚ್ಚರಿಕೆ, ರಬ್ಬಿಗಳ ಮಡಿ, ಮುಸ್ಲಿಮರ ಹಕ್ಕು ಮೂರೂ ಒಂದೇ ದಿಕ್ಕಿಗೆ ಎಳೆದವು. ಇವತ್ತಿನ ಬಿಕ್ಕಟ್ಟಿನ ಬೇರು ಅಲ್ಲೇ ಇದೆ. 1990ರ ದಶಕದಿಂದೀಚೆಗೆ ರಾಷ್ಟ್ರೀಯವಾದಿ ಧಾರ್ಮಿಕ ಬಣದ ಹಲವು ರಬ್ಬಿಗಳು ನಿಯಮ ಪಾಲಿಸಿ ಹತ್ತಬಹುದು ಎನ್ನತೊಡಗಿದರು. ಒಂದು ಕಾಲದಲ್ಲಿ ವರ್ಷಕ್ಕೆ ಕೆಲವೇ ಸಾವಿರವಿದ್ದ ಯಹೂದಿ ಭೇಟಿಗಳು ಈಚಿನ ವರ್ಷಗಳಲ್ಲಿ 50 ಸಾವಿರದ ಆಸುಪಾಸಿಗೆ ಬಂದಿವೆ. ಹರೇದಿ ಎಂಬ ಕಟ್ಟಾ ಸಂಪ್ರದಾಯಸ್ಥರ ರಬ್ಬಿಗಳು ಈಗಲೂ ಖಡಾಖಂಡಿತವಾಗಿ ಬೇಡವೆನ್ನುತ್ತಾರೆ. ಅಂದರೆ ಬೆನ್‌-ಗ್ವಿರ್ ನಡೆಯನ್ನು ವಿರೋಧಿಸುವವರಲ್ಲಿ ಅವರದೇ ಧರ್ಮದ ದೊಡ್ಡ ವರ್ಗವೂ ಇದೆ.

## ಜೋರ್ಡಾನ್ ಏಕೆ ನಡುವೆ?

ಜೋರ್ಡಾನಿನ ಹಾಷಿಮಿ ರಾಜಮನೆತನ ಪ್ರವಾದಿಯ ವಂಶದ್ದು. ಮೆಕ್ಕಾ, ಮದೀನಾ 1920ರ ದಶಕದಲ್ಲಿ ಸೌದ್ ಮನೆತನದ ಪಾಲಾದ ಮೇಲೆ ಹಾಷಿಮಿಗಳಿಗೆ ಧಾರ್ಮಿಕ ಗೌರವ ತಂದುಕೊಡಲು ಉಳಿದದ್ದು ಜೆರುಸಲೇಮಿನ ಪಾಲಕತ್ವ. ದೊರೆ ಮೊದಲನೇ ಅಬ್ದುಲ್ಲಾ 1951ರಲ್ಲಿ ಹತ್ಯೆಯಾದದ್ದೂ ಅಲ್‌-ಅಕ್ಸಾದಲ್ಲೇ. 1988ರಲ್ಲಿ ಪಶ್ಚಿಮ ದಂಡೆಯ ಮೇಲಿನ ಹಕ್ಕು ಬಿಟ್ಟುಕೊಟ್ಟಾಗಲೂ ಜೋರ್ಡಾನ್ ಇದೊಂದನ್ನು ಬಿಡಲಿಲ್ಲ. 1994ರ ಶಾಂತಿ ಒಪ್ಪಂದದ 9ನೇ ವಿಧಿಯಲ್ಲಿ ಮುಸ್ಲಿಂ ಪವಿತ್ರ ಸ್ಥಳಗಳ ವಿಷಯದಲ್ಲಿ ಜೋರ್ಡಾನಿನ ವಿಶೇಷ ಪಾತ್ರವನ್ನು ಗೌರವಿಸುವುದಾಗಿ ಇಸ್ರೇಲ್ ಲಿಖಿತವಾಗಿ ಒಪ್ಪಿದೆ. ವಕ್ಫ್ ನೌಕರರಿಗೆ ಸಂಬಳ ಬರುವುದೂ ಜೋರ್ಡಾನಿನ ರಾಜಧಾನಿ ಅಮ್ಮಾನಿನಿಂದ. ಪ್ಯಾಲೆಸ್ಟೈನ್ ಮೂಲದ ಪ್ರಜೆಗಳೇ ದೊಡ್ಡ ಸಂಖ್ಯೆಯಲ್ಲಿರುವ ದೇಶದಲ್ಲಿ ದೊರೆ ಅಲ್‌-ಅಕ್ಸಾ ವಿಷಯಕ್ಕೆ ಸುಮ್ಮನಿದ್ದರೆ ಸಿಂಹಾಸನವೇ ಅಲುಗಾಡುತ್ತದೆ.

## ಯಾರ ವಾದ ಎಷ್ಟು ಗಟ್ಟಿ?

ದಿಬ್ಬದ ಮೇಲೆ ಪ್ರಾರ್ಥನೆ ಬೇಕೆನ್ನುವ ಯಹೂದಿಗಳ ವಾದ ಸರಳ: ಇದು ಆರಾಧನಾ ಸ್ವಾತಂತ್ರ್ಯದ ಪ್ರಶ್ನೆ, ಧರ್ಮ ನೋಡಿ ತುಟಿಗೆ ಬೀಗ ಹಾಕುವುದು ಅನ್ಯಾಯ. ತತ್ತ್ವದ ಮಟ್ಟದಲ್ಲಿ ಇದಕ್ಕೆ ಉತ್ತರ ಕೊಡುವುದು ಕಷ್ಟ. ಇಸ್ರೇಲಿನ ಸುಪ್ರೀಂ ಕೋರ್ಟ್ ಕೂಡ ಹಕ್ಕನ್ನು ತಾತ್ತ್ವಿಕವಾಗಿ ಒಪ್ಪಿದೆ. ಶಾಂತಿ ಕದಡುವ ಸಂಭವವಿದ್ದರೆ ತಡೆಯುವ ಅಧಿಕಾರವನ್ನು ಪೊಲೀಸರಿಗೆ ಬಿಟ್ಟಿದೆ.

ಪ್ಯಾಲೆಸ್ಟೀನಿಯನ್ನರ ಉತ್ತರ ಹೆಬ್ರಾನ್ ಕಡೆಗೆ ಬೆರಳು ತೋರಿಸುತ್ತದೆ. ಅಲ್ಲಿ ಅಬ್ರಹಾಮನ ಸಮಾಧಿಯಿರುವ ಇಬ್ರಾಹಿಮಿ ಮಸೀದಿಯಲ್ಲಿ 1967ರ ನಂತರ ಯಹೂದಿ ಪ್ರಾರ್ಥನೆಗೆ ಸ್ವಲ್ಪ ಸ್ವಲ್ಪವಾಗಿ ಅವಕಾಶವಾಯಿತು. 1994ರ ಫೆಬ್ರುವರಿ 25ರಂದು ಯಹೂದಿ ಉಗ್ರನೊಬ್ಬ ನಮಾಜಿನಲ್ಲಿದ್ದ 29 ಮುಸ್ಲಿಮರನ್ನು ಗುಂಡಿಕ್ಕಿ ಕೊಂದ. ಅದರ ನಂತರ ಕಟ್ಟಡವನ್ನೇ ಇಬ್ಭಾಗ ಮಾಡಲಾಯಿತು. ಕೊಲೆಯಾದವರೇ ಜಾಗವನ್ನೂ ಕಳೆದುಕೊಂಡರು. ಅಲ್‌-ಅಕ್ಸಾದಲ್ಲೂ ಮೊದಲು ಹೊತ್ತು ಹಂಚಿಕೆ, ಆಮೇಲೆ ಜಾಗ ಹಂಚಿಕೆ ಬರುತ್ತದೆ ಎಂಬ ಅವರ ಭಯವನ್ನು ಬರೀ ವದಂತಿ ಎಂದು ತಳ್ಳಿಹಾಕಲಾಗದು.

ಆದರೆ ಈ ಭಯಕ್ಕೆ ಕೆಲವು ಪ್ಯಾಲೆಸ್ಟೀನಿಯನ್ ನಾಯಕರು ಸುಳ್ಳೊಂದನ್ನು ಬೆರೆಸಿದ್ದಾರೆ: ಅಲ್ಲಿ ಯಹೂದಿ ದೇವಾಲಯ ಇರಲೇ ಇಲ್ಲ ಎಂಬುದು. 1925ರಲ್ಲಿ ಜೆರುಸಲೇಮಿನ ಸುಪ್ರೀಂ ಮುಸ್ಲಿಂ ಕೌನ್ಸಿಲ್ ಪ್ರವಾಸಿಗರಿಗೆಂದು ಹೊರತಂದ ಕೈಪಿಡಿಯೇ ಇದು ಸೊಲೊಮನ್ ದೇವಾಲಯದ ಜಾಗ ಎಂಬುದು ನಿರ್ವಿವಾದ ಎಂದಿತ್ತು. ಎದುರಿನವರ ನೆನಪನ್ನೇ ಅಲ್ಲಗಳೆದರೆ, ಪ್ರಾರ್ಥನೆಯಿಂದ ಆ ನೆನಪನ್ನು ಸಾಧಿಸಿ ತೋರಿಸುತ್ತೇವೆ ಎನ್ನುವವರ ಕೈ ಬಲವಾಗುತ್ತದೆ. ಆಗಿರುವುದೂ ಅದೇ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಬ್ಬ ಸಾಮಾನ್ಯ ಭಕ್ತ ಮನಸ್ಸಿನಲ್ಲೇ ಪ್ರಾರ್ಥಿಸುವುದಕ್ಕೂ ಬೆನ್‌-ಗ್ವಿರ್ ಪ್ರಾರ್ಥನೆ ನಡೆಸುವುದಕ್ಕೂ ಅಜಗಜಾಂತರವಿದೆ. ಆವರಣದಲ್ಲಿ ನಿಯಮ ಜಾರಿ ಮಾಡುವ ಪೊಲೀಸರು ಅವರದೇ ಖಾತೆಯವರು. ನಿಯಮ ಕಾಯಬೇಕಾದ ಸಚಿವರೇ ನಿಯಮ ಮುರಿದಾಗ ಅದು ರಾಜ್ಯಶಕ್ತಿಯ ಹೇಳಿಕೆಯಾಗುತ್ತದೆ. ಉಮರನ ಕಥೆಯ ಆತಂಕ ಇದೇ ಆಗಿತ್ತು.

ಪ್ರಧಾನಿ ನೆತನ್ಯಾಹು 2015ರ ಅಕ್ಟೋಬರಿನಲ್ಲಿ ಮುಸ್ಲಿಮರು ಅಲ್ಲಿ ಪ್ರಾರ್ಥಿಸುತ್ತಾರೆ, ಮುಸ್ಲಿಮೇತರರು ಭೇಟಿ ನೀಡುತ್ತಾರೆ ಎಂದು ನೀತಿಯನ್ನು ಸ್ಪಷ್ಟವಾಗಿ ಹೇಳಿದ್ದರು. ಆ ಮಾತನ್ನು ಹಿಂತೆಗೆದುಕೊಂಡರೆ ಜೋರ್ಡಾನ್, ಅಮೆರಿಕದೊಂದಿಗೆ ಜಗಳ. ಸಚಿವರನ್ನು ತಡೆದರೆ ಸಮ್ಮಿಶ್ರ ಸರ್ಕಾರಕ್ಕೆ ಕುತ್ತು. ಮಾತಿನಲ್ಲಿ ಯಥಾಸ್ಥಿತಿ, ನೆಲದ ಮೇಲೆ ಬದಲಾವಣೆ ಎಂಬ ಇಬ್ಬಂದಿತನ ಹುಟ್ಟಿದ್ದು ಹೀಗೆ.

## ಭಾರತ ನಿಂತಿರುವ ಕಡೆ

ಮೊದಲ ಮಹಾಯುದ್ಧದ ಪ್ಯಾಲೆಸ್ಟೈನ್ ರಂಗದಲ್ಲಿ ಬ್ರಿಟಿಷರ ಪರ ಹೋರಾಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಅದು ಹೈಫಾ ಗೆದ್ದ ನೆನಪಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಸ್ವತಂತ್ರ ಭಾರತಕ್ಕೆ ಅಲ್‌-ಅಕ್ಸಾದ ಬಿಸಿ ನೇರವಾಗಿ ತಟ್ಟಿದ್ದು 1969ರಲ್ಲಿ. ಆ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಕ್ರೈಸ್ತನೊಬ್ಬ ಮಸೀದಿಗೆ ಬೆಂಕಿಯಿಟ್ಟಾಗ ಮುಸ್ಲಿಂ ದೇಶಗಳು ಮೊರಾಕ್ಕೋದ ರಬಾತ್‌ನಲ್ಲಿ ಶೃಂಗಸಭೆ ಸೇರಿದವು. ಭಾರತಕ್ಕೆ ಆಹ್ವಾನವಿತ್ತು, ಪಾಕಿಸ್ತಾನದ ಹಟದಿಂದ ನಮ್ಮ ನಿಯೋಗ ಹೊರಗುಳಿಯಬೇಕಾಯಿತು. ಇಸ್ರೇಲಿನೊಂದಿಗೆ ಈಗ ಗಾಢ ನಂಟಿದ್ದರೂ ಜೆರುಸಲೇಮ್ ವಿಷಯದಲ್ಲಿ ದೆಹಲಿ ಎಚ್ಚರದಿಂದಿದೆ. ಆ ನಗರವನ್ನು ಇಸ್ರೇಲಿನ ರಾಜಧಾನಿ ಎಂದು ಟ್ರಂಪ್ ಮಾನ್ಯ ಮಾಡಿದ್ದರ ವಿರುದ್ಧ 2017ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 128 ದೇಶಗಳು ಮತ ಹಾಕಿದವು, ಭಾರತವೂ ಅವುಗಳಲ್ಲಿತ್ತು. ನಮ್ಮ ರಾಯಭಾರ ಕಚೇರಿ ಇರುವುದು ಟೆಲ್ ಅವೀವ್‌ನಲ್ಲಿ.

## ಮುಂದೆ ಏನಾಗಬಹುದು?

ಹಿಂದಿನ ಅನುಭವ ನೋಡಿದರೆ ಕಿಡಿ ಹೊತ್ತುವುದು ದೊಡ್ಡ ಘೋಷಣೆಗಳಿಂದಲ್ಲ. 2000ದ ಸೆಪ್ಟೆಂಬರ್ 28ರಂದು ಆಗಿನ ವಿರೋಧಪಕ್ಷದ ನಾಯಕ ಏರಿಯಲ್ ಶರೋನ್ ಆವರಣದಲ್ಲಿ ಸುತ್ತಾಡಿ ಬಂದರು. ಮರುದಿನದ ಘರ್ಷಣೆ ಎರಡನೇ ಇಂತಿಫಾದಾ ಎಂಬ ಪ್ಯಾಲೆಸ್ಟೀನಿಯನ್ ದಂಗೆಯಾಗಿ ವರ್ಷಗಟ್ಟಲೆ ಉರಿಯಿತು. 2017ರ ಜುಲೈನಲ್ಲಿ ಇಬ್ಬರು ಇಸ್ರೇಲಿ ಪೊಲೀಸರ ಕೊಲೆಯಾದ ಮೇಲೆ ಬಾಗಿಲುಗಳಲ್ಲಿ ಲೋಹಶೋಧಕ ಇಟ್ಟಾಗ ಮುಸ್ಲಿಮರು ಒಳಗೆ ಹೋಗದೆ ಬೀದಿಯಲ್ಲೇ ನಮಾಜು ಮಾಡಿದರು. ಪೊಲೀಸರಿಗೆ ಅದು ಭದ್ರತಾ ಯಂತ್ರ, ಮುಸ್ಲಿಮರಿಗೆ ಬಾಗಿಲಿನ ಒಡೆತನದ ಪ್ರಶ್ನೆ. ಹೆಚ್ಚುಕಡಿಮೆ ಎರಡು ವಾರದಲ್ಲಿ ಯಂತ್ರಗಳು ಹೋದವು. 2021ರ ಮೇ ತಿಂಗಳಲ್ಲಿ ಮಸೀದಿಯೊಳಗೆ ನಡೆದ ಪೊಲೀಸ್ ಕಾರ್ಯಾಚರಣೆ ಗಾಜಾದ 11 ದಿನಗಳ ಯುದ್ಧಕ್ಕೆ ದಾರಿ ಮಾಡಿತು. 2023ರ ಅಕ್ಟೋಬರ್ 7ರ ದಾಳಿಗೆ ಹಮಾಸ್ ಇಟ್ಟ ಹೆಸರು ‘ಅಲ್‌-ಅಕ್ಸಾ ಪ್ರವಾಹ’. ಆ ಹತ್ಯಾಕಾಂಡವನ್ನು ಯಾವ ಮಸೀದಿಯ ಹೆಸರೂ ಸಮರ್ಥಿಸದು. ಆದರೆ ಜನರನ್ನು ಕೆರಳಿಸಲು ಯಾವ ಹೆಸರು ಸಾಕೆಂದು ಅವರಿಗೆ ಗೊತ್ತಿತ್ತು.

ದಿನಾಂಕಗಳನ್ನೂ ಗಮನಿಸಬೇಕು. ಯಹೂದಿ ಪಂಚಾಂಗಕ್ಕೆ ನಮ್ಮ ಚಾಂದ್ರಮಾನದ ಹಾಗೆ ಅಧಿಕ ಮಾಸವಿದೆ, ಹೀಗಾಗಿ ಅವರ ಹಬ್ಬಗಳು ಋತು ಬಿಟ್ಟು ಕದಲವು. ಇಸ್ಲಾಮೀ ಪಂಚಾಂಗಕ್ಕೆ ಅಧಿಕ ಮಾಸವಿಲ್ಲ, ರಂಜಾನ್ ವರ್ಷವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2022 ಮತ್ತು 2023ರಲ್ಲಿ ರಂಜಾನ್ ಮತ್ತು ಯಹೂದಿಗಳ ವಸಂತದ ಹಬ್ಬ ಪಾಸ್‌ಓವರ್ ಒಟ್ಟಿಗೆ ಬಂದು, ಎರಡು ವರ್ಷವೂ ಮಸೀದಿಯೊಳಗೆ ಪೊಲೀಸರು ನುಗ್ಗಿದ್ದರು. ಈಗ ಆ ಎರಡು ಹಬ್ಬಗಳು ದೂರವಾಗಿವೆ. ತಿಶಾ ಬಾವ್ ಮಾತ್ರ ಪ್ರತಿ ವರ್ಷ ಜುಲೈ–ಆಗಸ್ಟಿನಲ್ಲೇ ಬರುತ್ತದೆ, ಮೇಲೆ ಹತ್ತುವವರ ಸಂಖ್ಯೆ ಅಂದು ವರ್ಷದಲ್ಲೇ ಅತಿ ಹೆಚ್ಚಿನ ದಿನಗಳಲ್ಲೊಂದಾಗಿರುತ್ತದೆ. ಇನ್ನು ಮುಂದೆ ಆ ಸುದ್ದಿ ಬಂದಾಗ ನೋಡಬೇಕಾದದ್ದು ಎಷ್ಟು ಜನ ಹತ್ತಿದರು ಎಂಬುದಕ್ಕಿಂತ, ಪ್ರಾರ್ಥಿಸಿದವರನ್ನು ಪೊಲೀಸರು ತಡೆದರೇ, ಭೇಟಿಯ ಹೊತ್ತು ಬೆಳೆಯಿತೇ, ವಕ್ಫ್ ಕಾವಲುಗಾರರನ್ನು ಹತ್ತಿರ ಬಿಟ್ಟರೇ ಎಂಬುದನ್ನು. ಜೋರ್ಡಾನ್ ತನ್ನ ರಾಯಭಾರಿಯನ್ನು ವಾಪಸ್ ಕರೆಸುವುದರಲ್ಲೇ ನಿಲ್ಲುತ್ತದೋ, 1994ರ ಒಪ್ಪಂದವನ್ನೇ ಕೈಬಿಡುವ ಮಾತಿಗೆ ಬರುತ್ತದೋ ಎಂಬುದನ್ನು ತೀರ್ಮಾನಿಸುವುದು ಇವೇ.